ಚೆಂಡು ಇಸ್ಕೊಳ್ಳೋ ಕೆಲಸ

ರೇಕಾ ಉತ್ಸುಗಿ ಅನ್ನೋ ಹೆಸ್ರು ಕೇಳಿರೋ ಕನ್ನಡದೋರು ತೀರಾ ಕಮ್ಮಿ. ಸಾಫ್ಟ್‌ಬಾಲ್ ಅನ್ನೋ ಆಟಾನೇ ನೆಟ್ಟಗೆ ನೋಡಿರೋರು ಕಮ್ಮಿ ಅಂದ್ಮೇಲೆ ಅದ್ರಲ್ಲಿ ಆಶ್ಚರ್ಯ ಏನಿಲ್ಲ ಬಿಡಿ. ಆದ್ರೆ ತಾನೇ ಆಡಿ ಹೆಸ್ರು ಮಾಡಿದವ್ರು ಆಮೇಲೆ ಬೇರೆಯವ್ರನ್ನ ಆಡ್ಸೋಕೆ ನಿಂತಾಗ ಏನಾಗತ್ತೆ ಅಂತ ಮಾತು ಬಂದಾಗೆಲ್ಲ ನಂಗೆ ಮೊದ್ಲು ನೆನಪಾಗೋದು ಈಯಮ್ಮನೇ. ಒಲಿಂಪಿಕ್ ಫೈನಲ್‌ನಲ್ಲಿ ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಥರ ಬೇಲಿ ದಾಟೋ ಹೊಡ್ತ) ಹೊಡ್ದೂ ಸೋತವ್ರು, 21 ವರ್ಷ ಆದ್ಮೇಲೆ ಅದೇ ಎದುರಾಳಿ ಮುಂದೆ ಕೋಚ್ ಆಗಿ ನಿಂತು ಬ್ಯಾಟ್ ಮುಟ್ಟದೇನೇ ಗೆದ್ದವ್ರು. ಮಧ್ಯದ ಆ 21 ವರ್ಷದಲ್ಲಿ ಏನಾಯ್ತು ಅನ್ನೋದೇ ನನ್ನ ಕುತೂಹಲ.

ಹುಟ್ಟಿದ್ದು 1963ರಲ್ಲಿ ಬೀಜಿಂಗ್‌ನಲ್ಲಿ, ಆಗ ಹೆಸ್ರು ರೆನ್ ಯಾನ್‌ಲಿ. ಚೀನಾ ಟೀಮಲ್ಲಿ ಆಡ್ತಿದ್ರು, 1986ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಆ ಟೀಮ್‌ಗೆ ಬೆಳ್ಳಿ ಬಂತು. 1988ರಲ್ಲಿ, 25ರ ವಯಸ್ಸಲ್ಲಿ, ಎಲ್ಲ ಬಿಟ್ಟು ಜಪಾನ್‌ಗೆ ಹೊರಟ್ರು. ಗುನ್ಮಾ ಪ್ರಾಂತ್ಯದ ತಕಾಸಾಕಿ ಅನ್ನೋ ಊರಲ್ಲಿ ಹಿಟಾಚಿ ಕಂಪನಿಯದೊಂದು ಸಾಫ್ಟ್‌ಬಾಲ್ ಟೀಮ್ ಇತ್ತು, ಅದ್ರ ಕೋಚ್ ತಾಯೆಕೋ ಉತ್ಸುಗಿ. ಜಪಾನ್‌ನಲ್ಲಿ ಈ ಆಟ ನಡಿಯೋದೇ ಕಂಪನಿ ಟೀಮ್‌ಗಳ ಮೇಲೆ, ಆಟಗಾರ್ತೀರು ಕಂಪನಿ ಉದ್ಯೋಗಿಗಳೂ ಹೌದು, ಲೀಗ್ ಆಟಗಾರ್ತೀರೂ ಹೌದು. ತಾಯೆಕೋ ಮೇಲೆ ಈಯಮ್ಮನಿಗೆ ಎಷ್ಟು ಗೌರವ ಅಂದ್ರೆ 1995ರಲ್ಲಿ ಜಪಾನ್ ಪೌರತ್ವ ತಗೊಂಡಾಗ ಗುರುವಿನ ಮನೆತನದ ಹೆಸ್ರನ್ನೇ ತಂದಾಗಿಸ್ಕೊಂಡ್ರು. ದೇಶ ಬದ್ಲಾಯ್ಸೋದು ಒಂದು, ಹೆಸ್ರೂ ಸಮೇತ ಬದ್ಲಾಯ್ಸ್ಕೊಂಡು ಇನ್ನೊಬ್ರ ಮನೆಯವರಾಗಿಬಿಡೋದು ಇನ್ನೊಂದು. ಬೀಜಿಂಗ್‌ನಲ್ಲಿದ್ದ ಅಪ್ಪ ಅಮ್ಮನಿಗೆ ಏನನ್ಸಿರ್ಬೇಡ ಅಂತ ಯೋಚ್ನೆ ಬರತ್ತೆ, ಆದ್ರೆ ಅದು ನಾನು ಕೆದಕೋ ವಿಷ್ಯ ಅಲ್ಲ.

ಪೌರತ್ವ ಬಂದ ಮಾರನೇ ವರ್ಷಾನೇ ಅಟ್ಲಾಂಟಾ ಒಲಿಂಪಿಕ್ಸ್. ಸಾಫ್ಟ್‌ಬಾಲ್ ಮೊಟ್ಟಮೊದ್ಲು ಒಲಿಂಪಿಕ್ಸ್‌ಗೆ ಬಂದಿದ್ದೇ ಅದ್ರಲ್ಲಿ. ಈಯಮ್ಮನಿಗೆ 33, ಬ್ಯಾಟಿಂಗ್ ಫುಲ್ ಫಾರ್ಮ್‌ನಲ್ಲಿರೋ ವಯಸ್ಸು. ಆದ್ರೆ ದೇಶ ಬದ್ಲಾಯ್ಸಿದವ್ರು ಮೂರು ವರ್ಷ ಕಾಯ್ಬೇಕು, ಇಲ್ಲಾಂದ್ರೆ ಹಳೇ ದೇಶದ ಒಲಿಂಪಿಕ್ ಕಮಿಟಿ ಒಪ್ಪಿಗೆ ಕೊಡ್ಬೇಕು ಅನ್ನೋ ರೂಲ್ ಇತ್ತು, ಚೀನಾ ಒಪ್ಪಿಗೆ ಕೊಡ್ಲಿಲ್ಲ, ಕಥೆ ಅಲ್ಲಿಗೆ ಮುಗೀತು. ಆ ಸಲ ಅಮೆರಿಕಕ್ಕೆ ಚಿನ್ನ, ಚೀನಾಗೆ ಬೆಳ್ಳಿ, ಜಪಾನ್ ನಾಲ್ಕನೇ ಸ್ಥಾನ. ಅಂದ್ರೆ ಬಿಟ್ಟು ಬಂದ ಟೀಮ್ ಪದಕ ಹಾಕ್ಕೊಂಡು ನಿಂತಿದೆ, ಸೇರ್ಕೊಂಡ ಟೀಮ್ ಬರಿಗೈಲಿ ವಾಪಸ್ ಬಂದಿದೆ, ಇವ್ರು ಎರಡ್ರಲ್ಲೂ ಇಲ್ಲ. ಆ ವರ್ಷದ ಬಗ್ಗೆ ಜಾಸ್ತಿ ಬರೆಯೋಕೇನಿಲ್ಲ, ಆಡದೇ ಇದ್ದ ವರ್ಷಕ್ಕೆ ಸ್ಕೋರ್‌ಕಾರ್ಡ್ ಇರಲ್ಲ. ಆದ್ರೂ ಕೋಚ್ ಆದ್ಮೇಲೆ ಬೆಂಚ್ ಮೇಲೆ ಕೂತ ಹುಡ್ಗೀರನ್ನ ಈಯಮ್ಮ ಹೇಗೆ ನೋಡಿರ್ಬಹುದು ಅಂತ ಅನ್ಕೊಂಡಾಗ ನಂಗೆ 1996 ನೆನಪಾಗತ್ತೆ.

ಮುಂದಿನದು ಸಿಡ್ನಿ, 2000. ಇಲ್ಲಿ ಆಟದ ಬಗ್ಗೆ ಸ್ವಲ್ಪ ಹೇಳ್ಬೇಕು. ಹೆಸ್ರಲ್ಲಿ ಸಾಫ್ಟ್ ಇದೆ ಅಂತ ಯಾರೂ ಮೋಸ ಹೋಗ್ಬೇಡಿ, ಆ ಚೆಂಡು ಗಟ್ಟಿನೇ, ಸುತ್ತಳತೆ 12 ಇಂಚು. ಪಿಚರ್, ಅಂದ್ರೆ ಚೆಂಡು ಎಸೆಯೋರು, ಕೈಯನ್ನ ಗಿರಕಿ ಹೊಡ್ಸಿ ಸೊಂಟದ ಹತ್ರ ಕೆಳಗಿಂದ ಬಿಡ್ತಾರೆ, ಬ್ಯಾಟರ್‌ಗೂ ಪಿಚರ್‌ಗೂ ಇರೋ ಅಂತರ 43 ಅಡಿ, ಅಂದ್ರೆ 13 ಮೀಟರ್ ಚಿಲ್ಲರೆ. ಗಂಟೆಗೆ 110 ಕಿಲೋಮೀಟರ್ ಸ್ಪೀಡಲ್ಲಿ ಬಂದ್ರೆ ಚೆಂಡು ಸೆಕೆಂಡಿಗೆ 30 ಮೀಟರ್ ದಾಟತ್ತೆ, ಅರ್ಧ ಸೆಕೆಂಡ್ ಕೂಡ ಸಿಗಲ್ಲ, ಅಷ್ಟ್ರಲ್ಲಿ ಅದು ಏರ್ತಾ ಇದ್ಯಾ ಇಳೀತಾ ಇದ್ಯಾ, ಬಿಡ್ಬೇಕಾ ಹೊಡೀಬೇಕಾ ಎಲ್ಲ ತೀರ್ಮಾನ ಆಗ್ಬೇಕು. ಏಳು ಇನ್ನಿಂಗ್ಸ್, ಒಂದು ರನ್‌ಗೆ ನಾಲ್ಕು ಬೇಸ್ ಸುತ್ತಿ ಬರ್ಬೇಕು, ಬೇಸ್‌ನಿಂದ ಬೇಸ್‌ಗೆ ಬರೀ 60 ಅಡಿ. ಮೇಲ್ಮಟ್ಟದ ಮ್ಯಾಚ್‌ಗಳಲ್ಲಿ ರನ್ನೇ ಬರಲ್ಲ, ಒಂದು ರನ್‌ಗೆ, ಎರಡು ರನ್‌ಗೆ ಮ್ಯಾಚ್ ಮುಗ್ದಿರತ್ತೆ. ಕ್ರಿಕೆಟ್‌ನ ಮುನ್ನೂರು ನಾನೂರು ನೋಡಿ ಅಭ್ಯಾಸ ಇರೋರಿಗೆ ಮೊದ್ಲು ಬೋರ್ ಹೊಡಿಯತ್ತೆ, ಆಮೇಲೆ ಒಂದೊಂದು ಚೆಂಡಿಗೂ ಎದೆ ಡವಡವ ಅನ್ನೋಕೆ ಶುರುವಾಗತ್ತೆ.

ಸಿಡ್ನಿಯಲ್ಲಿ ಜಪಾನ್ ಫೈನಲ್ ತನಕ ಒಂದೂ ಮ್ಯಾಚ್ ಸೋತಿರ್ಲಿಲ್ಲ. ಅಮೆರಿಕಾನೇ ಲೀಗ್‌ನಲ್ಲಿ ಜಪಾನ್, ಚೀನಾ, ಆಸ್ಟ್ರೇಲಿಯಾ ಮೂರೂ ಟೀಮ್‌ಗೆ ಸಾಲಾಗಿ ಸೋತು ಏದುಸಿರು ಬಿಡ್ತಾ ಮೇಲೆ ಬಂದಿತ್ತು. ಫೈನಲ್‌ನಲ್ಲಿ ಅಮೆರಿಕದ ಪಿಚರ್ ಲೀಸಾ ಫೆರ್ನಾಂಡೆಸ್, ಆ ಕಾಲಕ್ಕೆ ಲೋಕದಲ್ಲೇ ಮೊದಲ ಸಾಲಿನ ಪಿಚರ್. ನಾಲ್ಕನೇ ಇನ್ನಿಂಗ್ಸ್‌ನಲ್ಲಿ 37 ವರ್ಷದ ಉತ್ಸುಗಿ ಆಕೆಯ ಚೆಂಡನ್ನ ಎತ್ತಿ ಬೇಲಿಯಾಚೆ ಕಳಿಸಿದ್ರು. 1-0. ಗುರು ತಾಯೆಕೋ ಆ ಟೀಮ್‌ನ ಕೋಚ್, ಶಿಷ್ಯೆ ಹೊಡೆದ ಹೋಮ್ ರನ್, ನಾಲ್ಕು ವರ್ಷದ ಹಿಂದೆ ಆಡೋಕೇ ಬಿಡದಿದ್ದ ಒಲಿಂಪಿಕ್ಸ್. ಯಾರಾದ್ರೂ ಕಥೆ ಬರ್ದಿದ್ರೆ ಅಲ್ಲಿಗೇ ಮುಗಿಸ್ತಿದ್ರು.

ಮುಗೀಲಿಲ್ಲ. ಮುಂದಿನ ಇನ್ನಿಂಗ್ಸ್‌ನಲ್ಲೇ ಅಮೆರಿಕ 1-1 ಮಾಡ್ತು, ಮ್ಯಾಚ್ ಎಂಟನೇ ಇನ್ನಿಂಗ್ಸ್‌ಗೆ ಹೋಯ್ತು. ಲಾರಾ ಬರ್ಗ್ ಹೊಡೆದ ಚೆಂಡು ಲೆಫ್ಟ್ ಫೀಲ್ಡ್ ಕಡೆ ಮೇಲಕ್ಕೆ ಹೋಯ್ತು, ಅಲ್ಲಿದ್ದ ಹುಡ್ಗಿ ಹಿಂದಕ್ಕೆ ಓಡ್ತಾ ಓಡ್ತಾ ಗ್ಲೌಸ್‌ಗೆ ತಗೊಂಡ್ಲು, ಕಾಲು ತಪ್ಪಿ ಬಿದ್ಲು, ಚೆಂಡು ಆಚೆ ಬಿತ್ತು. 2-1. ಆ ಹುಡ್ಗಿ ಹೆಸ್ರು ನಾನಿಲ್ಲಿ ಬರಿಯಲ್ಲ, ಆ ಒಂದು ಕ್ಷಣಕ್ಕೆ ಅವ್ಳ ಹೆಸ್ರನ್ನ ಬೇಕಾದಷ್ಟು ಜನ ಬೇಕಾದಷ್ಟು ಕಡೆ ಬರ್ದಾಗಿದೆ.

ನಂಗೆ ಈ ಫೈನಲ್ ಯಾಕೆ ಮುಖ್ಯ ಅಂದ್ರೆ, ಒಬ್ಬ ಆಟಗಾರ್ತಿ ಒಂದು ಮ್ಯಾಚಲ್ಲಿ ಮಾಡಬಹುದಾದ್ದನ್ನೆಲ್ಲ ಉತ್ಸುಗಿ ಅವತ್ತು ಮಾಡಿದ್ರು, ಟೀಮ್‌ನ ಒಂದೇ ಒಂದು ರನ್ ಅವ್ರದ್ದು, ಅದೂ ಸಾಕಾಗ್ಲಿಲ್ಲ. ಇದನ್ನ ಬೇರೆಯವ್ರು ಹೇಳಿ ಕೇಳೋದು ಬೇರೆ, ಮೈದಾನದಲ್ಲಿ ನಿಂತು ನೋಡೋದು ಬೇರೆ.

2004ರ ಅಥೆನ್ಸ್‌ಗೆ 41ರಲ್ಲಿ ಹೋದ್ರು, ಕಂಚು ಬಂತು. ಆ ಟೀಮ್‌ನಲ್ಲಿ ಯುಕಿಕೋ ಉಯೆನೋ ಅಂತ 22ರ ಪಿಚರ್ ಇದ್ಲು, ಹೈಸ್ಕೂಲ್ ಮುಗ್ಸಿ ಸೀದಾ ತಕಾಸಾಕಿ ಟೀಮ್ ಸೇರಿದವ್ಳು, ಅಥೆನ್ಸ್‌ನಲ್ಲಿ ಚೀನಾ ವಿರುದ್ಧ ಒಬ್ರನ್ನೂ ಬೇಸ್ ಮುಟ್ಟೋಕೆ ಬಿಡದೆ ಪರ್ಫೆಕ್ಟ್ ಗೇಮ್ ಎಸೆದವ್ಳು. ಇಬ್ರಿಗೂ 19 ವರ್ಷ ಅಂತರ. ಜೊತೆಗೆ ಆಡಿದ್ರು, ಆಮೇಲೆ ಉತ್ಸುಗಿ ತಕಾಸಾಕಿಯಲ್ಲೇ ಕೋಚಿಂಗ್‌ಗೆ ಇಳಿದಾಗ ಅದೇ ಉಯೆನೋ ಅವ್ರ ಪಿಚರ್. ಮುಂದಿನ ಕಥೆ ಪೂರ್ತಿ ಇವರಿಬ್ರದ್ದೇ ಅಂದ್ರೂ ತಪ್ಪಿಲ್ಲ.

ಜಪಾನ್‌ನ ಪ್ರಾಕ್ಟೀಸ್ ಬಗ್ಗೆ ಒಂದು ಮಾತು. ಅಲ್ಲಿ ಕೋಚ್ ಅಂದ್ರೆ ಕೈಕಟ್ಟಿ ನಿಂತು ಸೀಟಿ ಊದೋರಲ್ಲ, ಬ್ಯಾಟ್ ಹಿಡಿದು ನಿಂತು ಫೀಲ್ಡರ್‌ಗೆ ಒಂದರ ಹಿಂದೊಂದು ಚೆಂಡು ಹೊಡಿಯೋರು. ನಾಕ್ ಅಂತಾರೆ ಅದಕ್ಕೆ. ಒಂದು ಕೈಲಿ ಚೆಂಡು ಎತ್ತಿ ಬಿಡೋದು, ಬ್ಯಾಟ್ ಬೀಸೋದು, ಫೀಲ್ಡರ್ ಎಡಕ್ಕೆ ಹಾರಿ ಹಿಡಿದು ಎಸೆದು ಎದ್ದೇಳೋ ಹೊತ್ತಿಗೆ ಮುಂದಿನ ಚೆಂಡು ಬಲಕ್ಕೆ ಬಂದಾಗಿರತ್ತೆ. ತಾಯೆಕೋ ಉತ್ಸುಗಿ ನಾಕ್ ಎಷ್ಟು ಫಾಸ್ಟ್ ಅಂದ್ರೆ ಅದೇ ಒಂದು ಹೆಸರುವಾಸಿ ವಿಷ್ಯ ಆಗಿಹೋಗಿತ್ತು. ಮಂಡಿ ಕೆಂಪಾಗಿ, ಜೆರ್ಸಿ ಪೂರ್ತಿ ಮಣ್ಣಾಗಿ, ಉಸಿರು ಕಟ್ಟಿ, ಇನ್ನಾಗಲ್ಲ ಅನ್ನೋ ಹೊತ್ತಿಗೆ ಇನ್ನೊಂದು ಚೆಂಡು. ಇದನ್ನ ನೋಡಿದ್ರೆ ನಂಗೆ ಎರಡು ಮನಸ್ಸಾಗತ್ತೆ, ಹೊರಗಿಂದ ನೋಡೋರಿಗೆ ಹಿಂಸೆ ಅನ್ಸತ್ತೆ, ಕೆಲವು ಕಡೆ ಅದು ಹಿಂಸೆಯೇ ಆಗಿರಲೂಬಹುದು. ಆದ್ರೆ ಇನ್‌ಫೀಲ್ಡ್‌ನಲ್ಲಿ, ಅಂದ್ರೆ ಬೇಸ್‌ಗಳ ಸುತ್ತಮುತ್ತ, ಯೋಚ್ನೆ ಮಾಡಿ ಕೈ ಹಾಕೋಷ್ಟು ಟೈಮ್ ಇರಲ್ಲ, ಕೈ ತಾನಾಗೇ ಹೋಗ್ಬೇಕು, ಹಾಗೆ ಹೋಗ್ಬೇಕಂದ್ರೆ ಲೆಕ್ಕ ಇಡಲಾಗದಷ್ಟು ಸಲ ಹೋಗಿರ್ಬೇಕು.

ಸರಿ, ದೊಡ್ಡ ಆಟಗಾರರು ಕೋಚ್ ಆದಾಗ ತೊಂದ್ರೆ ಎಲ್ಲಿ ಬರತ್ತೆ? ತನಗೆ ಸಲೀಸಾಗಿ ಬರ್ತಿದ್ದದ್ದು ಇನ್ನೊಬ್ರಿಗೆ ಯಾಕೆ ಬರಲ್ಲ ಅನ್ನೋದು ಅವ್ರಿಗೆ ಅರ್ಥ ಆಗಲ್ಲ ಅಂತಾರೆ, ಅದು ನಿಜಾನೇ. ಆದ್ರೆ ನಂಗನ್ಸೋ ಪ್ರಕಾರ ಇನ್ನೂ ದೊಡ್ಡ ತೊಂದ್ರೆ ಬೇರೆ ಇದೆ. ಚಾಂಪಿಯನ್ ಆದವ್ರು ಇಡೀ ಜೀವನ ಕಷ್ಟದ ಹೊತ್ತಲ್ಲಿ ಚೆಂಡು ನನ್ನ ಕೈಗೆ ಕೊಡಿ ಅಂತ ಕೇಳಿ ಬೆಳ್ದಿರ್ತಾರೆ. ಕೋಚ್ ಕೆಲಸ ಅದಕ್ಕೆ ಪೂರ್ತಿ ಉಲ್ಟಾ. ಹಾಗೆ ಕೇಳೋ ಇನ್ನೊಬ್ಬ ಚಾಂಪಿಯನ್ ಕೈಯಿಂದ, ಸರಿಯಾದ ಹೊತ್ತಿಗೆ, ಚೆಂಡನ್ನ ಇಸ್ಕೋಬೇಕು.

ಸಿಡ್ನಿಯಲ್ಲಿ ಎದುರಾಳಿ ಆಗಿದ್ದ ಲೀಸಾ ಫೆರ್ನಾಂಡೆಸ್ ಕಥೆಯೂ ಇಲ್ಲೇ ಹೇಳ್ಬೇಕು, ಯಾಕಂದ್ರೆ ಆಕೆ ಆರಿಸ್ಕೊಂಡ ದಾರಿ ಬೇರೆ. 1996, 2000, 2004 ಮೂರೂ ಒಲಿಂಪಿಕ್ಸ್‌ನಲ್ಲಿ ಚಿನ್ನ. ಯುಸಿಎಲ್‌ಎ ಕಾಲೇಜು ಟೀಮ್‌ನಲ್ಲಿ ಪಿಚರ್ ಆಗಿ 93 ಗೆಲುವು, ಬರೀ 7 ಸೋಲು. ಅಷ್ಟೇ ಅಲ್ಲ, 1993ರಲ್ಲಿ ಇಡೀ ಅಮೆರಿಕದ ಕಾಲೇಜು ಸಾಫ್ಟ್‌ಬಾಲ್‌ನಲ್ಲಿ ಪಿಚಿಂಗ್‌ನಲ್ಲೂ ಮೊದಲು, ಬ್ಯಾಟಿಂಗ್ ಸರಾಸರಿಯಲ್ಲೂ ಮೊದಲು. ಇಂಥವ್ರೂ ಸೋತಿದ್ದಾರೆ ನೋಡಿ. ಸಿಡ್ನಿ ಲೀಗ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ 25 ಜನರನ್ನ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಬಿದ್ದು ಔಟ್) ಮಾಡಿ ಆ ಮ್ಯಾಚ್ ಸೋತ್ರು, 13 ಇನ್ನಿಂಗ್ಸ್, 2-1. ಅದಕ್ಕೂ ಹಿಂದೆ 1996ರಲ್ಲಿ ಅದೇ ಆಸ್ಟ್ರೇಲಿಯಾ ವಿರುದ್ಧ ಹತ್ತನೇ ಇನ್ನಿಂಗ್ಸ್ ತನಕ ಪರ್ಫೆಕ್ಟ್ ಆಗಿ ಎಸೆದು, ಇನ್ನೊಂದು ಸ್ಟ್ರೈಕ್ ಬಿದ್ರೆ ಮ್ಯಾಚ್ ಮುಗೀತು ಅನ್ನುವಾಗ ಹೋಮ್ ರನ್ ಹೊಡೆಸ್ಕೊಂಡು ಸೋತ್ರು. ಆ ಮ್ಯಾಚಲ್ಲೇ ಅಮೆರಿಕದ ಒಬ್ಬ ಆಟಗಾರ್ತಿ ಹೋಮ್ ರನ್ ಹೊಡ್ದು ಖುಷೀಲಿ ಓಡಿ ಬರ್ತಾ ಕೊನೇ ಬೇಸ್ ಆದ ಹೋಮ್ ಪ್ಲೇಟ್ ಮೇಲೆ ಕಾಲಿಡೋದನ್ನೇ ಮರ್ತು ಆ ರನ್ ಕ್ಯಾನ್ಸಲ್ ಆಗಿತ್ತು. ಮಾಡೋದೆಲ್ಲ ಮಾಡಿದ್ರೂ ಟೀಮ್‌ನಲ್ಲಿ ಇನ್ನೊಬ್ರ ಕಾಲು ಎಲ್ಲಿ ಬೀಳತ್ತೆ ಅನ್ನೋದು ನಮ್ಮ ಕೈಲಿರಲ್ಲ.

ಆಮೇಲೆ ಫೆರ್ನಾಂಡೆಸ್ ತನ್ನ ಹಳೇ ಕಾಲೇಜಿಗೇ ಕೋಚಿಂಗ್‌ಗೆ ಹೋದ್ರು, ಅಸಿಸ್ಟೆಂಟ್ ಕೋಚ್ ಆಗಿ. ವರ್ಷಗಟ್ಟಲೆ ಅಲ್ಲೇ. ಹೆಡ್ ಕೋಚ್ ಯಾರು ಗೊತ್ತಾ? ಕೆಲ್ಲಿ ಇನೌಯೆ-ಪೆರೆಜ್, ಕಾಲೇಜು ದಿನಗಳಲ್ಲಿ ಇದೇ ಫೆರ್ನಾಂಡೆಸ್‌ಗೆ ಕ್ಯಾಚರ್ ಆಗಿದ್ದವ್ರು. ಪ್ಲೇಟ್ ಹಿಂದೆ ಕುಕ್ಕರಗಾಲಲ್ಲಿ ಕೂತು ಇವ್ರು ಎಸೆದಿದ್ದನ್ನೆಲ್ಲ ಹಿಡೀತಿದ್ದವ್ರ ಕೈಕೆಳಗೆ ಮೂರು ಚಿನ್ನದ ಪಿಚರ್ ಕೆಲಸ ಮಾಡೋದು. ಮೊದ್ಲು ಕೇಳಿದಾಗ ವಿಚಿತ್ರ ಅನ್ಸತ್ತೆ, ಆಮೇಲೆ ಯೋಚ್ನೆ ಮಾಡಿದ್ರೆ ಸರಿನೇ ಅಲ್ವಾ, ಇಡೀ ಮೈದಾನವನ್ನ ಮುಖಾಮುಖಿ ನೋಡ್ಕೊಂಡು ಕೂರೋದು ಕ್ಯಾಚರ್ ಒಬ್ಬಳೇ, ಪಿಚರ್‌ಗೆ ಕಾಣೋದು ಬ್ಯಾಟರ್ ಮತ್ತು ಗ್ಲೌಸ್ ಅಷ್ಟೇ. ಆ ಜೋಡಿ 2010ರಲ್ಲೂ 2019ರಲ್ಲೂ ಯುಸಿಎಲ್‌ಎಗೆ ಕಾಲೇಜು ಚಾಂಪಿಯನ್‌ಶಿಪ್ ಗೆಲ್ಸಿಕೊಡ್ತು. ಹೆಡ್ ಕೋಚ್ ಪಟ್ಟಕ್ಕೆ ಗುದ್ದಾಡದೇ ಪಿಚರ್‌ಗಳನ್ನ ತಯಾರು ಮಾಡ್ಕೊಂಡು ಅಷ್ಟು ವರ್ಷ ಇರೋದಿದ್ಯಲ್ಲ, ಅದಕ್ಕೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ ಅಂತ ನನ್ನ ಅಭಿಪ್ರಾಯ.

ಉತ್ಸುಗಿ ಹತ್ರ ವಾಪಸ್ ಬರೋಣ. 2008ರ ಬೀಜಿಂಗ್‌ನಲ್ಲಿ ಜಪಾನ್ ಕೊನೆಗೂ ಅಮೆರಿಕಾನ ಸೋಲಿಸಿ ಚಿನ್ನ ತಗೊಂಡಿತು. ಆಗ ಕೋಚ್ ಬೇರೆಯವ್ರು. ಆ ಗೆಲುವಿನ ಹೆಸ್ರೇ 413, ಉಯೆನೋ ಎರಡು ದಿನದಲ್ಲಿ ಮೂರು ಮ್ಯಾಚ್ ಸೇರಿ ಎಸೆದ ಚೆಂಡುಗಳ ಲೆಕ್ಕ ಅದು. ಜಪಾನ್‌ನಲ್ಲಿ ಅದೊಂದು ದಂತಕಥೆ. ನಂಗೆ ಮಾತ್ರ ಆ ನಂಬರ್ ಓದಿದಾಗೆಲ್ಲ ಖುಷಿಗಿಂತ ಕಸಿವಿಸಿ ಜಾಸ್ತಿ ಆಗತ್ತೆ. ಒಂದು ದೇಶದ ಟೀಮ್‌ನಲ್ಲಿ ಎರಡನೇ ಕೈ ಇರ್ಲಿಲ್ವಾ? ಇದ್ರೂ ಅದರ ಮೇಲೆ ನಂಬಿಕೆ ಇರ್ಲಿಲ್ವಾ? ಅದೇ ಹೊತ್ತಿಗೆ ಆಟವನ್ನೇ ಒಲಿಂಪಿಕ್ಸ್‌ನಿಂದ ತೆಗೆದುಹಾಕಿದ್ರು, 2012ಕ್ಕೂ ಇಲ್ಲ, 2016ಕ್ಕೂ ಇಲ್ಲ.

ಹೀಗೆ ಒಲಿಂಪಿಕ್ಸೇ ಇಲ್ಲದ ಕಾಲದಲ್ಲಿ, 2011ರಲ್ಲಿ, ಉತ್ಸುಗಿ ಜಪಾನ್ ಟೀಮ್‌ನ ಕೋಚ್ ಆದ್ರು. ಟಿವಿಯವ್ರು ಬರಲ್ಲ, ಪೇಪರ್‌ನಲ್ಲಿ ಮೂಲೆ ಸುದ್ದಿ. 2012ರಲ್ಲಿ ಕೆನಡಾದ ವೈಟ್‌ಹಾರ್ಸ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್, ಫೈನಲ್ ಹತ್ತು ಇನ್ನಿಂಗ್ಸ್, ಅಮೆರಿಕದ ಮೇಲೆ 2-1. ಜಪಾನ್ ಆ ಪಟ್ಟ ಗೆದ್ದಿದ್ದು 1970 ಆದ್ಮೇಲೆ ಅವತ್ತೇ. 2014ರಲ್ಲಿ ನೆದರ್‌ಲ್ಯಾಂಡ್ಸ್‌ನ ಹಾರ್ಲೆಮ್‌ನಲ್ಲಿ ಇನ್ನೊಂದ್ಸಲ. ಯಾರೂ ನೋಡದೇ ಇದ್ದ ಹೊತ್ತಲ್ಲಿ ಎರಡು ವಿಶ್ವ ಪಟ್ಟ.

2018ರಲ್ಲಿ ಚಿಬಾದಲ್ಲಿ, ತಮ್ಮದೇ ನೆಲದಲ್ಲಿ, ಸೋತ್ರು. ಕೊನೇ ದಿನ ಎರಡು ಮ್ಯಾಚ್ ಇತ್ತು, ಮೊದಲು ಕೆನಡಾ, ಆಮೇಲೆ ಫೈನಲ್‌ನಲ್ಲಿ ಅಮೆರಿಕ, ಎರಡಕ್ಕೂ ಉಯೆನೋನೇ, 36ರ ವಯಸ್ಸಲ್ಲಿ. ಫೈನಲ್ ಹತ್ತು ಇನ್ನಿಂಗ್ಸ್ ಎಳೀತು, 7-6ಕ್ಕೆ ಅಮೆರಿಕ ಗೆಲ್ತು. ಹತ್ತು ವರ್ಷ ಆದ್ರೂ ಜಪಾನ್ 413ರ ಜಾಗದಲ್ಲೇ ನಿಂತಿತ್ತು, ಕೋಚ್ ಉತ್ಸುಗಿ ಆಗಿದ್ರೂ. ಇದನ್ನ ಮುಚ್ಚಿಟ್ಟು ಅವ್ರನ್ನ ಹೊಗಳೋದ್ರಲ್ಲಿ ಅರ್ಥ ಇಲ್ಲ. ಮುಂದಿನ ವರ್ಷ 2019ರ ಏಪ್ರಿಲ್‌ನಲ್ಲಿ ಲೀಗ್ ಮ್ಯಾಚಲ್ಲಿ ಬ್ಯಾಟರ್ ಹೊಡೆದ ಚೆಂಡು ಸೀದಾ ಬಂದು ಉಯೆನೋ ದವಡೆ ಮೂಳೆ ಮುರೀತು. ಒಂದೇ ಕೈ ನಂಬ್ಕೊಂಡು ಕೂತ್ರೆ ಏನಾಗತ್ತೆ ಅಂತ ಯಾರೂ ಬಾಯಿಬಿಟ್ಟು ಹೇಳಬೇಕಾಗಿರ್ಲಿಲ್ಲ.

ಟೋಕಿಯೋ ಒಲಿಂಪಿಕ್ಸ್‌ಗೆ ಸಾಫ್ಟ್‌ಬಾಲ್ ವಾಪಸ್ ಬಂದಿತ್ತು, ಕೋವಿಡ್‌ನಿಂದ ಅದು 2021ಕ್ಕೆ ಹೋಯ್ತು. ಉದ್ಘಾಟನೆಗೂ ಎರಡು ದಿನ ಮೊದ್ಲು, ಜುಲೈ 21ಕ್ಕೆ, ಇಡೀ ಒಲಿಂಪಿಕ್ಸ್‌ನ ಮೊದಲ ಸ್ಪರ್ಧೆಯಾಗಿ ಫುಕುಶಿಮಾದಲ್ಲಿ ಜಪಾನ್ ಆಸ್ಟ್ರೇಲಿಯಾನ 8-1ರಿಂದ ಐದೇ ಇನ್ನಿಂಗ್ಸ್‌ನಲ್ಲಿ ಮುಗಿಸ್ತು, ಸ್ಟೇಡಿಯಂ ಪೂರ್ತಿ ಖಾಲಿ. ಮಾರನೇ ದಿನ ಮೆಕ್ಸಿಕೋ, ಅವತ್ತು ಉಯೆನೋಗೆ 39 ತುಂಬ್ತು. ಮ್ಯಾಚ್ ಸಮ ಆಗಿ ಕೊನೇ ಇನ್ನಿಂಗ್ಸ್‌ನಲ್ಲಿ ಬೇಸ್ ಮೇಲೆ ರನ್ನರ್‌ಗಳು ಇರುವಾಗ ಉತ್ಸುಗಿ ಹುಟ್ಟುಹಬ್ಬದ ಹುಡ್ಗಿ ಕೈಯಿಂದ ಚೆಂಡು ಇಸ್ಕೊಂಡು ಮಿಉ ಗೋತೋ ಅನ್ನೋ 20 ವರ್ಷದ ಎಡಗೈ ಪಿಚರ್‌ಗೆ ಕೊಟ್ರು. ಗೋತೋ ಹುಟ್ಟಿದ್ದು 2001ರಲ್ಲಿ, ಅಂದ್ರೆ ಸಿಡ್ನಿ ಫೈನಲ್ ಆದ್ಮೇಲೆ. ಅವ್ಳು ಉಳಿಸಿದ್ಲು, ಎಂಟನೇ ಇನ್ನಿಂಗ್ಸ್‌ನಲ್ಲಿ 3-2. ಲೀಗ್‌ನ ಕೊನೇ ಮ್ಯಾಚಲ್ಲಿ ಅಮೆರಿಕಕ್ಕೆ 2-1ರಿಂದ ಸೋತ್ರು, ಎರಡೂ ಟೀಮ್ ಅಷ್ಟರಲ್ಲಿ ಫೈನಲ್‌ಗೆ ಹೋಗಾಗಿತ್ತು, ಉಯೆನೋಗೆ ಅವತ್ತು ರೆಸ್ಟ್.

ಜುಲೈ 27, ಯೋಕೋಹಾಮಾ. ಅಮೆರಿಕ ಡಗೌಟ್‌ನಲ್ಲಿ (ಮೈದಾನದ ಪಕ್ಕ ಟೀಮ್ ಕೂರೋ ಜಾಗ) 38ರ ಕ್ಯಾಟ್ ಆಸ್ಟರ್‌ಮನ್, 2008ರಲ್ಲಿ ಸೋತ ಟೀಮ್‌ನಲ್ಲೂ ಇದ್ದವ್ರು. ಅಲ್ಲೇ ರೇಚಲ್ ಗಾರ್ಸಿಯಾ ಕೂಡ, 2019ರಲ್ಲಿ ಯುಸಿಎಲ್‌ಎ ಗೆದ್ದಾಗಿನ ಪಿಚರ್, ಫೆರ್ನಾಂಡೆಸ್ ಕೈಯಲ್ಲಿ ಕಲಿತವ್ಳು. ನಾಲ್ಕನೇ ಇನ್ನಿಂಗ್ಸ್‌ಗೆ ಒಂದು, ಐದನೇದಕ್ಕೆ ಇನ್ನೊಂದು, ಜಪಾನ್ 2-0. ಉಯೆನೋ ಸಲೀಸಾಗಿ ಎಸೀತಿದ್ಲು. ಆರನೇ ಇನ್ನಿಂಗ್ಸ್‌ನಲ್ಲಿ ಅಮೆರಿಕ ಒಂದು ಹಿಟ್ ತಗೊಂಡಿದ್ದೇ ತಡ, ಪಿಚರ್ ಚೇಂಜ್. 13 ವರ್ಷದ ಹಿಂದೆ 413 ಚೆಂಡು ಎಸೆದು ದೇಶ ಗೆಲ್ಸಿದವ್ಳನ್ನ, ಒಂದೂ ರನ್ ಕೊಡದವ್ಳನ್ನ, ಫೈನಲ್‌ನಲ್ಲಿ, ಗೆಲ್ತಾ ಇರುವಾಗ ಹೊರಗೆ ಕರೆದು ಮತ್ತೆ ಗೋತೋ ಕೈಗೆ ಚೆಂಡು.

ಇಲ್ಲಿ ಸಾಫ್ಟ್‌ಬಾಲ್‌ನ ಒಂದು ರೂಲ್ ಗೊತ್ತಿರ್ಬೇಕು. ಬೇಸ್‌ಬಾಲ್‌ನಲ್ಲಿ ಒಂದ್ಸಲ ಹೊರಗೆ ಹೋದವ್ರು ಹೋದ್ರು, ಫುಟ್‌ಬಾಲ್‌ನಲ್ಲೂ ಅಷ್ಟೇ. ಸಾಫ್ಟ್‌ಬಾಲ್‌ನಲ್ಲಿ ಮಾತ್ರ ಶುರುವಲ್ಲಿ ಆಡಿದವ್ರನ್ನ ಹೊರಗೆ ಕರೆದು, ಬೇಕಾದಾಗ ಇನ್ನೊಂದ್ಸಲ ಒಳಗೆ ಕಳಿಸ್ಬಹುದು, ಒಂದೇ ಒಂದು ಸಲ. ಈ ರೂಲ್ ಪುಸ್ತಕದಲ್ಲಿ ಎಲ್ಲರಿಗೂ ಇದೆ. ಅದನ್ನ ಒಲಿಂಪಿಕ್ ಫೈನಲ್‌ನಲ್ಲಿ ತನ್ನ ಅತಿ ದೊಡ್ಡ ಪಿಚರ್ ಮೇಲೆ ಪ್ರಯೋಗ ಮಾಡೋಕೆ ಎಂಟೆದೆ ಬೇಕು. ಮೆಕ್ಸಿಕೋ ಮ್ಯಾಚ್‌ನಲ್ಲಿ ಎರಡನೇ ಕೈ ಪರೀಕ್ಷೆ ಆಗಿತ್ತಲ್ಲ, ಅದರ ಲೆಕ್ಕ ಇಲ್ಲಿ ಬಂತು ಅನ್ನೋದು ನನ್ನ ಊಹೆ.

ಗೋತೋ ಬಂದ ಮೇಲೂ ಇಕ್ಕಟ್ಟು ಕಮ್ಮಿಯಾಗ್ಲಿಲ್ಲ, ಬೇಸ್ ಮೇಲೆ ಇಬ್ರು, ಒಬ್ರು ಔಟ್. ಅಮಾಂಡಾ ಚಿಡೆಸ್ಟರ್ ಬಾರಿಸಿದ ಚೆಂಡು ನೆಲ ಮುಟ್ಟದೇ ಥರ್ಡ್ ಬೇಸ್ ಕಡೆ ನುಗ್ತು, ಅಲ್ಲಿದ್ದ ಯು ಯಾಮಮೊತೊ ಕೈಗೆ ಬಡಿದು ಪಕ್ಕಕ್ಕೆ ಚಿಮ್ಮಿತು, ಅದು ಗಾಳಿಯಲ್ಲಿರುವಾಗಲೇ ಸೆಕೆಂಡ್, ಥರ್ಡ್ ಬೇಸ್ ಮಧ್ಯೆ ನಿಲ್ಲೋ ಶಾರ್ಟ್‌ಸ್ಟಾಪ್ ಮಾನಾ ಅತ್ಸುಮಿ ಬಾಚಿ ಹಿಡಿದು ಸೆಕೆಂಡ್ ಬೇಸ್‌ಗೆ ಎಸೆದ್ಲು. ಡಬಲ್ ಪ್ಲೇ, ಅಂದ್ರೆ ಒಂದೇ ಹೊಡ್ತಕ್ಕೆ ಇಬ್ರು ಔಟ್, ಇನ್ನಿಂಗ್ಸ್ ಮುಗೀತು. ನಿಧಾನವಾಗಿ ತಿರುಗಿಸಿ ನೋಡಿದ್ರೂ ಚೆಂಡು ಯಾಕೆ ಅವ್ಳ ಕಡೆಗೇ ಹೋಯ್ತು ಅಂತ ಅರ್ಥ ಆಗಲ್ಲ. ಒಂದು ಗೇಣು ಆಚೆ ಹೋಗಿದ್ರೆ ರನ್ ಬರ್ತಿತ್ತು, ಗೆಲ್ತಿದ್ದ ಮ್ಯಾಚಲ್ಲಿ ಉಯೆನೋನ ತೆಗೆದ ಕೋಚ್ ಅಂತ ಉತ್ಸುಗಿ ಹೆಸ್ರು ಇವತ್ತಿಗೂ ಬೈಗುಳದಲ್ಲಿರ್ತಿತ್ತು. ಅಂಥ ಚೆಂಡನ್ನ ಯಾವ ನಾಕ್‌ನಲ್ಲೂ ಪ್ರಾಕ್ಟೀಸ್ ಮಾಡ್ಸೋಕಾಗಲ್ಲ. ಕೈ ತಾನಾಗೇ ಹೋಗೋದನ್ನ ಮಾತ್ರ ಮಾಡಿಸ್ಬಹುದು. ಸಿಡ್ನಿಯಲ್ಲಿ ಗ್ಲೌಸ್ ಸೇರಿದ ಚೆಂಡು ಆಚೆ ಬಿತ್ತು, ಇಲ್ಲಿ ಆಚೆ ಹೋದ ಚೆಂಡು ಗ್ಲೌಸ್ ಸೇರ್ತು. ಕೋಚ್ ತೀರ್ಮಾನ ಸರಿಯೋ ತಪ್ಪೋ ಅಂತ ನಾವು ಆಮೇಲೆ ಕೂತು ಹೇಳೋದೆಲ್ಲ ಇಂಥ ಒಂದು ಗೇಣಿನ ಮೇಲೆ ನಿಂತಿರತ್ತೆ, ಅದಕ್ಕೇ ಗೆದ್ದ ಕೋಚ್‌ಗಳ ಬುದ್ಧಿವಂತಿಕೆ ಬಗ್ಗೆ ಬರಿಯೋ ಪುಟಗಟ್ಟಲೆ ಬರಹ ನಾನು ಪೂರ್ತಿ ನಂಬಲ್ಲ. ಗೋತೋಗೆ ಚೆಂಡು ಕೊಟ್ಟ ಧೈರ್ಯ ಆ ಕ್ಯಾಚ್ ಆಗದಿದ್ರೂ ಧೈರ್ಯಾನೇ ಆಗಿರ್ತಿತ್ತು.

ಏಳನೇ ಇನ್ನಿಂಗ್ಸ್‌ಗೆ ಉಯೆನೋ ವಾಪಸ್. ಕೊನೇ ಔಟ್ ಅವ್ಳೇ ತಗೊಂಡ್ಲು. 58ರ ಉತ್ಸುಗಿಗೆ ಆಟಗಾರ್ತಿಯಾಗಿ ಬೆಳ್ಳಿ, ಕಂಚು ಬಂದಿತ್ತು, ಈಗ ಕೋಚ್ ಆಗಿ ಚಿನ್ನ. ಆದ್ರೆ ಒಲಿಂಪಿಕ್ಸ್‌ನಲ್ಲಿ ಕೋಚ್‌ಗಳಿಗೆ ಪದಕ ಕೊಡಲ್ಲ ಅಂತ ಗೊತ್ತಲ್ಲ, ಅವ್ರ ಕೊರಳಿಗೆ ಬಿದ್ದಿರೋ ಒಲಿಂಪಿಕ್ ಪದಕಗಳು ಅವೆರಡೇ.

2024ರಲ್ಲಿ ಇಟಲಿಯಲ್ಲಿ ನಡೆದ ವಿಶ್ವಕಪ್ ಫೈನಲ್‌ನಲ್ಲಿ ಜಪಾನ್ ಅಮೆರಿಕಾನ 6-1ರಿಂದ ಸೋಲಿಸ್ತು, ಆಗಲೂ ಇವ್ರೇ ಕೋಚ್. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮತ್ತೆ ಈ ಆಟ ಇರ್ಲಿಲ್ಲ, 2028ರ ಲಾಸ್ ಏಂಜಲೀಸ್‌ಗೆ ಮತ್ತೆ ಬರ್ತಿದೆ, ಆದ್ರೆ ಸಾಫ್ಟ್‌ಬಾಲ್ ಮ್ಯಾಚ್‌ಗಳನ್ನ ಅಷ್ಟು ದೂರದ ಓಕ್ಲಹೋಮಾ ಸಿಟಿಯಲ್ಲಿ ಇಟ್ಟಿದ್ದಾರೆ. ಅಮೆರಿಕದ ಕಾಲೇಜು ಫೈನಲ್‌ಗಳು ಪ್ರತಿ ವರ್ಷ ನಡಿಯೋ ಊರದು, ಫೆರ್ನಾಂಡೆಸ್ ಹುಡುಗಿಯಾಗಿದ್ದಾಗ ಗೆದ್ದಿದ್ದೂ ಅಲ್ಲೇ, ಅವ್ರ ಶಿಷ್ಯೆಯರಿಗೆ ಅಲ್ಲಿನ ಮಣ್ಣಿನ ಪ್ರತಿ ಕಣವೂ ಗೊತ್ತು. ಆ ಹೊತ್ತಿಗೆ ಉತ್ಸುಗಿಗೆ 65 ಆಗಿರತ್ತೆ. ಜಪಾನ್ ಡಗೌಟ್‌ನಲ್ಲಿ ಯಾರಿರ್ತಾರೋ, ಗೋತೋ ಕೈಯಿಂದ ಚೆಂಡು ಇಸ್ಕೊಂಡು ಯಾವ ಹೊಸ ಹುಡ್ಗಿಗೆ ಕೊಡ್ತಾರೋ ನೋಡೋಣ.